ಮೇಲೆ ಕೆಂಡ, ಕೆಳಗೆ ಕೆಂಡ

ಹೆಂಡತಿ ಗುರುದೇವಿಗೆ ಏಳು ತಿಂಗಳು ತುಂಬಿ, ಕುಬಸದ ಶಾಸ್ತ್ರ ಮುಗಿದು, ಅವಳ ತಂದೆ ರೇವಣಪ್ಪನವರು ಬಂದು ಸುಲೇಪೇಟೆಯ ತವರಿಗೆ ಕರೆದುಕೊಂಡು ಹೋದ ದಿನದಿಂದ ಅಮೃತಪ್ಪನಿಗೆ ತನ್ನ ಎರಡು ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂಬುದೇ ತಿಳಿಯದಾಯಿತು. ಅವನು ಚಿತ್ತಾಪುರದ ಶಾಲೆಯಲ್ಲಿ ಮೂರನೆಯ ಇಯತ್ತೆಯ ಮಾಸ್ತರ. ವಯಸ್ಸು ಇಪ್ಪತ್ತಾರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತ ಲೆಕ್ಕವನ್ನು ಈಗ ಮಕ್ಕಳಿಗೆ ಕನ್ನಡದಲ್ಲಿ ಕಲಿಸಬೇಕಾಗಿತ್ತು. ಹೀಗಾಗಿ ಅರ್ಧ ಮನಸ್ಸು ಮೊದಲೇ ತರ್ಜುಮೆಗೆ ಹೋಗುತ್ತಿತ್ತು. ಉಳಿದರ್ಧ ಈಗ ಸುಲೇಪೇಟೆಗೆ ಹೋಯಿತು. ಒಂದು ದಿನ ಹಲಗೆಯ ಮೇಲೆ ಒಂಬತ್ತು ಬರೆದು, ಅದರಲ್ಲಿ ಏಳು ಕಳೆದು, ಉಳಿದ ಎರಡನ್ನೇ ನೋಡುತ್ತ ಗಂಟೆ ಬಾರಿಸುವವರೆಗೆ ನಿಂತುಬಿಟ್ಟ. ಮಕ್ಕಳು ಸದ್ದು ಮಾಡದೆ ಒಬ್ಬೊಬ್ಬರಾಗಿ ಮನೆಗೆ ಹೋದರು.

ಮನೆಯಲ್ಲಿ ತಾಯಿ ಶಿವಕಾಂತಮ್ಮ ಇದ್ದಳು. ಮಗನಿಗೆ ಧೈರ್ಯ ತುಂಬಬೇಕೆಂದು ಆಕೆ ದಿನವೂ ಊಟದ ಹೊತ್ತಿಗೆ ಅವನು ಹುಟ್ಟಿದ ಕಥೆ ಹೇಳುತ್ತಿದ್ದಳು. ಮೊದಲ ಸಲ ಹೇಳಿದಾಗ ಆಕೆ ಒಂದು ಹಗಲು ನೋವು ತಿಂದಿದ್ದಳು. ವಾರದೊಳಗೆ ಅದು ಒಂದು ಹಗಲು, ಒಂದು ರಾತ್ರಿಯಾಯಿತು. ಕಾರ್ತಿಕ ಮುಗಿಯುವ ಹೊತ್ತಿಗೆ ಪೂರ್ತಿ ಮೂರು ದಿನ, ಕಾಲು ಮುಂದಾಗಿ ಬಂದ ಕೂಸು, ಕೈಚೆಲ್ಲಿ ಕೂತ ಸೂಲಗಿತ್ತಿ, ಎಲ್ಲವೂ ಬಂದು ಸೇರಿಕೊಂಡವು. ಕೊನೆಗೆ ಮಾತ್ರ ಆಕೆ ತಪ್ಪದೆ, "ಆದ್ರೂ ನೋಡು, ನಾನೂ ಇದ್ದೀನಿ, ನೀನೂ ಇದ್ದಿ. ಫಿಕರ್ ಮಾಡಬ್ಯಾಡ," ಎನ್ನುತ್ತಿದ್ದಳು. ಅಮೃತಪ್ಪ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ.

ಅವರ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಶಹಾಬಾದ ಕಲ್ಲಿನ ಒಂದು ಗಿಡ್ಡ ಗೋಡೆ ಇತ್ತು. ಆಚೆ ಜಾನಬಿಯ ಮನೆ. ಆಕೆಯ ಗಂಡ ಶಹಾಬಾದಿನಲ್ಲಿ ಬೇಕರಿ ನಡೆಸುತ್ತಿದ್ದ. ಅವನು ತೀರಿಕೊಂಡ ಮೇಲೆ ಮುದುಕಿ ಚಿತ್ತಾಪುರದ ತಮ್ಮನ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಬಸುರಿನ ಮೊದಲ ತಿಂಗಳುಗಳಲ್ಲಿ ಗುರುದೇವಿಯ ಹೊಟ್ಟೆಯಲ್ಲಿ ನಿಂತದ್ದು ಒಂದೇ, ಜಾನಬಿ ಮಾಡಿಕೊಟ್ಟ ತುಪ್ಪದ ಬಿಸ್ಕತ್ತು, ನಾನಖಟಾಯಿ. ಬೇರೆ ಏನು ತಿಂದರೂ ವಾಂತಿ. ಆ ಮನೆಯ ನೀರು ಸಹ ಮುಟ್ಟದ ಶಿವಕಾಂತಮ್ಮ, ಸೊಸೆ ಗೋಡೆಯ ಹತ್ತಿರ ನಿಂತು ನಾನಖಟಾಯಿ ತಿನ್ನುವಾಗ ಬೇವಿನ ಮರದ ಕಡೆ ಮುಖ ಮಾಡಿ ಹಕ್ಕಿ ನೋಡುತ್ತಿದ್ದಳು. ಸೊಸೆ ತಿಂದು ಬಾಯೊರೆಸಿಕೊಂಡ ಮೇಲೆಯೇ ಹಕ್ಕಿ ಹಾರಿಹೋಗುತ್ತಿತ್ತು.

ಒಂದು ಸಂಜೆ ಅಮೃತಪ್ಪ ಗೋಡೆಯ ಬಳಿ ಬಂದು, ಗುರುದೇವಿಗೆ ಕಳಿಸಬೇಕು, ಒಂದು ಡಬ್ಬಿ ಮಾಡಿಕೊಡಲಾಗುವುದೇ ಎಂದು ಕೇಳಿದ. ಜಾನಬಿ ತನ್ನ ಎರಡೂ ಕೈಗಳನ್ನು ಗೋಡೆಯ ಮೇಲಿಟ್ಟು ತೋರಿಸಿದಳು. ಬೆರಳ ಗಂಟುಗಳು ಬಾತುಕೊಂಡಿದ್ದವು. ಥಂಡಿ ಬಿದ್ದರೆ ಹಿಟ್ಟು ತಿಕ್ಕಲು ಆಗುವುದಿಲ್ಲ ಎಂದಳು. ಅಮೃತಪ್ಪ ಹೋಗಲಿ ಬಿಡಿ ಎಂದು ಹೇಳಿ, ಹೋಗದೆ ಅಲ್ಲೇ ನಿಂತ. ಮುದುಕಿ ಅವನ ಮುಖ ನೋಡಿದಳು.

"ನಾ ಹೇಳ್ತೀನಿ, ನೀವು ಮಾಡ್ರಿ ಮಾಸ್ತರ್," ಎಂದಳು. "ನಮ್ಮ ಮೊದಲನೇ ಕೂಸು ಬರೋ ಮುಂದ ನಮ್ಮವರೂ ಹಿಂಗೇ ಗ್ವಾಡಿ ಹಿಡಕೊಂಡು ನಿಂದರ್ತಿದ್ರು. ಕೈಗಿ ಕೆಲಸ ಇದ್ರ ತಲಿ ಸುಮ್ಮನಿರ್ತದ."

ಅಮೃತಪ್ಪ ಅಲ್ಲಿಯವರೆಗೆ ಒಲೆ ಹೊತ್ತಿಸಿದವನಲ್ಲ. ಜಾನಬಿ ಹೇಳಿದ್ದನ್ನೆಲ್ಲ ಪಾಠದ ಹಾಗೆ ಹಾಳೆಯಲ್ಲಿ ಬರೆದುಕೊಂಡ. ಸಕ್ಕರೆ ಕುಟ್ಟಿ ಪುಡಿ ಮಾಡಬೇಕು. ಅದನ್ನು ತುಪ್ಪದೊಂದಿಗೆ ಅಂಗೈಯಿಂದ ತಿಕ್ಕಬೇಕು, ಬೆಳ್ಳಗೆ ಬೆಣ್ಣೆಯಂತಾಗುವವರೆಗೆ ತಿಕ್ಕುತ್ತಲೇ ಇರಬೇಕು. ಆಮೇಲೆ ಮೈದಾ, ಸ್ವಲ್ಪ ರವೆ, ಯಾಲಕ್ಕಿ, ಚಿಟಿಕೆ ಸೋಡಾ. ಉಂಡೆ ಕಟ್ಟಿ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ತಗಡಿನ ತಟ್ಟೆಯಲ್ಲಿ ಹೊಂದಿಸಬೇಕು. ಅಗಲ ಬಾಯಿಯ ಪಾತೇಲಿಯ ತಳದಲ್ಲಿ ಮರಳು ಹರಡಿ ಕೆಂಡದ ಮೇಲಿಟ್ಟು, ಒಳಗೆ ತಟ್ಟೆ ಇಳಿಸಿ, ಮೇಲೆ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಹಾಕಬೇಕು. ಮೇಲೆ ಕೆಂಡ, ಕೆಳಗೆ ಕೆಂಡ. ಎರಡೂ ಕಡೆಯ ಬಿಸಿ ಸಮ ಇರಬೇಕು, ಇಷ್ಟೇ ವಿದ್ಯೆ ಎಂದಳು ಜಾನಬಿ.

ಇಷ್ಟೇ ವಿದ್ಯೆಯಲ್ಲಿ ಮೊದಲ ದಿನವೇ ಒಂದು ತೊಡಕು ಬಂತು. ಪಾತೇಲಿಯ ಬಾಯಿಗೆ ಹೊಂದುವ ಮುಚ್ಚಳ ಮನೆಯಲ್ಲಿರಲಿಲ್ಲ. ಅಮೃತಪ್ಪ ಬುದ್ಧಿ ಓಡಿಸಿ, ಗೋಡೆಯ ಮೇಲಿಂದ ಶಹಾಬಾದ ಕಲ್ಲಿನ ಒಂದು ಹಾಸು ತೆಗೆದು ಮುಚ್ಚಿ, ಅದರ ಮೇಲೆ ಕೆಂಡ ಸುರಿದ. ಜಾನಬಿ ಆಗ ನಮಾಜಿಗೆ ಒಳಗೆ ಹೋಗಿದ್ದಳು, ಇಲ್ಲದಿದ್ದರೆ ತಡೆಯುತ್ತಿದ್ದಳು. ಕಾದ ಕಲ್ಲು ಸ್ವಲ್ಪ ಹೊತ್ತು ಚಿಟಿಚಿಟಿ ಎಂದಿತು. ಆಮೇಲೆ ಢಂ ಎಂದು ಸಿಡಿಯಿತು.

ಆರು ವರ್ಷದ ಹಿಂದೆ ನಿಜಾಮರ ರಾಜ್ಯ ಮುಗಿದಾಗಿನ ಗುಂಡಿನ ಗದ್ದಲ ಊರಿನ ಕಿವಿಯಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಓಣಿಯ ಬಾಗಿಲುಗಳೆಲ್ಲ ಮೊದಲು ಮುಚ್ಚಿದವು, ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ತೆರೆದವು. ಊರ ಕಾವಲಿನ ನಾಕೆಯಿಂದ ಒಬ್ಬ ಪೊಲೀಸನವನು ಲಾಠಿ ಹಿಡಿದುಕೊಂಡು ಬಂದು, ಏನದು ಸಿಡಿದದ್ದು ಎಂದು ಕೇಳಿದ. ಮೀಸೆಯ ತುಂಬ ಹಿಟ್ಟು, ತಲೆಯ ತುಂಬ ಬೂದಿ ಮಾಡಿಕೊಂಡು ಕೂತಿದ್ದ ಅಮೃತಪ್ಪ, "ನಾನಖಟಾಯಿರಿ," ಎಂದ. ಪೊಲೀಸನವನು ಪಾತೇಲಿಯೊಳಗೆ ಬಗ್ಗಿ ನೋಡಿದ. ಕಲ್ಲಿನ ಚಕ್ಕೆ ಯಾವುದು, ನಾನಖಟಾಯಿ ಯಾವುದು ಎಂದು ಕಚ್ಚಿ ನೋಡದೆ ಹೇಳುವ ಹಾಗಿರಲಿಲ್ಲ. ಅವನು ಕರ್ತವ್ಯನಿಷ್ಠ ಮನುಷ್ಯ, ಒಂದನ್ನು ಕಚ್ಚಿ ನೋಡಿದ. ಅದು ಕಲ್ಲಾಗಿತ್ತು.

ಎರಡನೆಯ ದಿನ ಮುಚ್ಚಳ ಸರಿಯಾದದ್ದು ಸಿಕ್ಕಿತು, ತುಪ್ಪ ಹೆಚ್ಚಾಯಿತು. ತಟ್ಟೆಯಲ್ಲಿ ಹೊಂದಿಸಿಟ್ಟ ಹದಿನಾರು ಉಂಡೆಗಳು ಕರಗಿ ಒಂದಕ್ಕೊಂದು ಕೈಹಿಡಿದು ಒಂದೇ ಆಗಿಬಿಟ್ಟವು. ಶಿವಕಾಂತಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಚಪಾತಿಯೆಂದರೆ ನಡೆಯುತ್ತದೆ ಎಂದಳು. ಮಗ ಗಂಡಸಾಗಿ ಒಲೆಯ ಮುಂದೆ ಕೂತದ್ದು ಆಕೆಗೆ ಸೇರಿರಲಿಲ್ಲ. ಆದರೆ ಅವನು ಕೆಂಡ ಊದುವ ರೀತಿ ಅದಕ್ಕಿಂತ ಹೆಚ್ಚು ಸೇರಲಿಲ್ಲ. ಹೀಗಾಗಿ ಊದುಗೊಳವೆ ಕಸಿದುಕೊಂಡು ತಾನೇ ಊದತೊಡಗಿದಳು. ಗೋಡೆಯಾಚೆಯಿಂದ ಜಾನಬಿ ಬೆಂಕಿ ಜಾಸ್ತಿ ಎನ್ನುವಳು, ಈಚೆಯಿಂದ ಶಿವಕಾಂತಮ್ಮ ಕಡಿಮೆ ಎನ್ನುವಳು. ಈ ವಾದದಲ್ಲಿ ಮೂರು ದಿನದ ಹೆರಿಗೆಯ ಕಥೆ ಹೇಳಲು ಆಕೆಗೆ ಪುರುಸೊತ್ತೇ ಸಿಗಲಿಲ್ಲ. ಅಮೃತಪ್ಪ ತಲೆ ಬಗ್ಗಿಸಿ ತುಪ್ಪ ಸಕ್ಕರೆ ತಿಕ್ಕುತ್ತ ಕೂತಿರುತ್ತಿದ್ದ. ಅಂಗೈ ಕೆಳಗೆ ಸಕ್ಕರೆಯ ಹರಳು ಕರಗಿ ನುಣ್ಣಗಾಗುತ್ತ ಹೋದಂತೆ ಎದೆಯ ಡವಡವವೂ ಇಳಿಯುತ್ತಿತ್ತು. ಆ ಒಂದು ತಾಸು ಅವನು ಏನನ್ನೂ ಎಣಿಸುತ್ತಿರಲಿಲ್ಲ. ಆಮೇಲೆ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದ.

ನಾಲ್ಕನೆಯ ಸಲ ಮಾಡಿದವು ನೋಡಲು ಎಷ್ಟು ಚಂದ ಬಂದವೆಂದರೆ, ಒಂದನ್ನಾದರೂ ಮುರಿಯಲು ಅವನಿಗೆ ಮನಸ್ಸಾಗಲಿಲ್ಲ. ಮರುದಿನವೇ ಸುಲೇಪೇಟೆಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಡಬ್ಬಿ ತುಂಬಿ ಕಳಿಸಿಬಿಟ್ಟ. ತಿಂದು ನೋಡಿದಿರಾ ಎಂದು ಜಾನಬಿ ಕೇಳಿದಳು. ಅಮೃತಪ್ಪನಿಗೆ ಅದು ಹೊಳೆದಿರಲಿಲ್ಲ.

ಎಂಟು ದಿನಕ್ಕೆ ಗುರುದೇವಿಯ ಕಾಗದ ಬಂತು. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅವಳು ಗುಂಡಗೆ ಬರೆದಿದ್ದಳು:

"ತಮ್ಮ ಪಾದಗಳಿಗೆ ಗುರುದೇವಿಯ ಶರಣು. ನಾನು ಇಲ್ಲಿ ಕ್ಷೇಮ. ತಾವು ಕಳಿಸಿದ ಡಬ್ಬಿ ಮುಟ್ಟಿತು. ನಾನು ಒಂದು ಬಾಯಲ್ಲಿಟ್ಟುಕೊಂಡೆ, ಅದು ಸಂಜೆಯವರೆಗೆ ಬಾಯಲ್ಲೇ ಇತ್ತು. ಅವ್ವ ಒಂದನ್ನು ಒರಳಿಗೆ ಹಾಕಿದಳು, ಒರಳು ಚೆನ್ನಾಗಿದೆ. ಅಪ್ಪನವರ ಅಂಗಡಿಯಲ್ಲಿ ಛಟಾಕಿನ ಕಲ್ಲು ಕಳೆದಿತ್ತು. ತಮ್ಮ ನಾನಖಟಾಯಿ ಸರಿಯಾಗಿ ಒಂದು ಛಟಾಕು ತೂಗುತ್ತದೆಂದು ಅದನ್ನೇ ತಕ್ಕಡಿಗೆ ಇಟ್ಟುಕೊಂಡಿದ್ದಾರೆ. ಕೇಳಿದವರಿಗೆ ಅಳಿಯಂದಿರು ಕಳಿಸಿದ್ದು ಎಂದು ಹೇಳುತ್ತಾರೆ. ಆದರೆ ವಾಸನೆ ಮಾತ್ರ ಜಾನಬಿ ಖಾಲಾ ಮಾಡಿದ್ದರ ಹಾಗೇ ಇದೆ. ಡಬ್ಬಿಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗುತ್ತೇನೆ. ಎಳ್ಳಮಾಸಿಗೆ ತಾವು ಬರಬೇಕು. ಕೂಸು ಒದೆಯುತ್ತದೆ."

ಅಮೃತಪ್ಪ ಆ ಕಾಗದವನ್ನು ನಾಲ್ಕು ಸಲ ಓದಿದ. ತಕ್ಕಡಿಯ ಸಾಲು ಬಂದಾಗ ಕಿವಿ ಕೆಂಪಾಗುತ್ತಿತ್ತು, ತಲೆದಿಂಬಿನ ಸಾಲು ಬಂದಾಗ ಇನ್ನಷ್ಟು ಕೆಂಪಾಗುತ್ತಿತ್ತು. ಜಾನಬಿಗೆ ಓದಿ ಹೇಳಿದಾಗ ಆಕೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಹಿಟ್ಟಿಗೆ ನೀರು ಹಾಕಿದ್ದಿರಾ ಎಂದು ಕೇಳಿದಳು. ಹಿಟ್ಟು ಒಡೆಯುತ್ತಿದೆಯೆಂದು ಅವನು ನೀರು ಹಾಕಿದ್ದು ನಿಜ, ಸೋಡಾ ಮರೆತದ್ದೂ ನಿಜ. ಆಮೇಲೆ ಅವನು ಹಿಟ್ಟಿಗೆ ನೀರು ಮುಟ್ಟಿಸಲಿಲ್ಲ. ತಿಂಗಳು ತುಂಬುವ ಹೊತ್ತಿಗೆ, ಬಾಯಲ್ಲಿಟ್ಟರೆ ತಾನಾಗಿ ಪುಡಿಯಾಗುವ ನಾನಖಟಾಯಿ ಅವನ ಕೈಯಲ್ಲಿ ಬರತೊಡಗಿತು. ಮಗ ಮಾಡಿದ್ದೆಂಬ ಕಾರಣಕ್ಕೆ ಶಿವಕಾಂತಮ್ಮ ಬೇವಿನ ಮರದ ಕಡೆ ನೋಡದೆಯೇ ಆರು ತಿಂದಳು.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಅಮೃತಪ್ಪ ರಜೆ ಬರೆದುಕೊಟ್ಟು, ರೈಲಿನಲ್ಲಿ ಸೇಡಂಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಸುಲೇಪೇಟೆಗೆ ಬಂದ. ಜೊತೆಗೆ ಒಂದು ತಗಡಿನ ಟ್ರಂಕು. ಅದರಲ್ಲಿ ಎರಡು ಜೊತೆ ಬಟ್ಟೆ, ಉಳಿದದ್ದೆಲ್ಲ ಮೈದಾ, ತುಪ್ಪ, ಸಕ್ಕರೆ, ಪಾತೇಲಿ ಮತ್ತು ಮುಚ್ಚಳ. ಹೆಂಡತಿಗೆ ಬಿಸಿಬಿಸಿಯಾಗಿ ಮಾಡಿಕೊಡಬೇಕು, ಮಾವನವರ ತಕ್ಕಡಿಯ ಅವಮಾನ ತೊಳೆದುಕೊಳ್ಳಬೇಕು ಎಂಬುದು ಅವನ ಲೆಕ್ಕ.

ಅತ್ತೆ ಗುರುಲಿಂಗಮ್ಮ ಆ ಲೆಕ್ಕ ನಡೆಯಗೊಡಲಿಲ್ಲ. ಅಳಿಯನೆಂದರೆ ಜಮಖಾನದ ಮೇಲೆ ಕೂತು ಉಣ್ಣುವವನು. ಅವನು ಒಲೆ ಮುಂದೆ ಕೂತದ್ದನ್ನು ಜನ ಕಂಡರೆ ತಾವು ಮುಖ ಎಲ್ಲಿಡುವುದು ಎಂದಳು. ರೇವಣಪ್ಪನವರು ದೊಡ್ಡ ಆಳು, ದೊಡ್ಡ ಮೀಸೆ, ಜೋಳದ ವ್ಯಾಪಾರ. ಅವರು ಟ್ರಂಕಿನೊಳಗಿನ ಪಾತೇಲಿಯನ್ನು ನೋಡಿ, ಚಿತ್ತಾಪುರದಲ್ಲಿ ಶಾಲೆ ಇನ್ನೂ ನಡೆಯುತ್ತಿದೆಯೇ ಎಂದಷ್ಟೇ ಬಹಳ ಮರ್ಯಾದೆಯಿಂದ ವಿಚಾರಿಸಿದರು. ಟ್ರಂಕು ಮಂಚದ ಕೆಳಗೆ ಸೇರಿತು.

ಗುರುದೇವಿ ಒಳಬಾಗಿಲಲ್ಲಿ ಬಂದು ನಿಂತಳು. ಎರಡು ತಿಂಗಳಲ್ಲಿ ಅವಳು ಬಾಗಿಲಿನಷ್ಟೇ ಅಗಲವಾಗಿದ್ದಳು. ಹೇಗಿದ್ದೀ ಎಂದು ಅವನು ಕೇಳಿದ. ಅವಳು ಅವನ ಕೈ ನೋಡಿ, "ಉಗುರಾಗ ಹಿಟ್ಟದರಿ," ಎಂದು ಹೇಳಿ ನಗುತ್ತ ಒಳಗೆ ಹೋದಳು. ದಾರಿಯುದ್ದಕ್ಕೂ ಅವನು ಕೂಡಿಟ್ಟುಕೊಂಡು ಬಂದಿದ್ದ ಮಾತುಗಳು ಹಾಗೇ ಉಳಿದವು.

ಮರುದಿನ ಎಳ್ಳಮಾಸಿ. ಬೆಳಿಗ್ಗೆಯೇ ಊರೆಲ್ಲ ಬಂಡಿ ಕಟ್ಟಿ, ಸಜ್ಜೆರೊಟ್ಟಿ, ಭಜ್ಜಿ, ಕಡುಬಿನ ಬುಟ್ಟಿ ಹೇರಿಕೊಂಡು ಹೊಲಕ್ಕೆ ಹೋಯಿತು. ರೇವಣಪ್ಪನವರ ಮನೆಯ ಬಂಡಿಯೂ ಹೋಯಿತು. ಮಗಳಿಗಾಗಿ ಗುರುಲಿಂಗಮ್ಮ ಉಳಿದಳು, ಹೆಂಡತಿಗಾಗಿ ಅಮೃತಪ್ಪ ಉಳಿದ, ಅಳಿಯನೊಬ್ಬನನ್ನೇ ಬಿಟ್ಟು ಹೋಗುವುದು ಸರಿಯಲ್ಲವೆಂದು ರೇವಣಪ್ಪನವರೂ ಉಳಿದರು. ಓಣಿಯಲ್ಲಿ ನಾಯಿಗಳೂ ಇರಲಿಲ್ಲ. ಅವೂ ಭಜ್ಜಿಯ ಬುಟ್ಟಿಯ ಹಿಂದೆ ಹೋಗಿದ್ದವು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಗುರುದೇವಿಗೆ ನೋವು ಶುರುವಾಯಿತು.

ಸೂಲಗಿತ್ತಿ ಚಾಂದಬೀಯನ್ನು ಕರೆತರಬೇಕು. ಆಕೆಯ ಮನೆಗೆ ಬೀಗ. ಯಾರದೋ ಹೊಲಕ್ಕೆ ಊಟಕ್ಕೆ ಹೋಗಿದ್ದಾಳೆ, ಯಾರದ್ದೆಂದು ಹೇಳಲು ಊರಿನಲ್ಲಿ ಜನವಿಲ್ಲ. ಅಮೃತಪ್ಪ ಹೊಲದ ದಾರಿ ಹಿಡಿದು ಓಡಿದ. ಎಳ್ಳಮಾಸಿಯ ದಿನ ಹೊಲಕ್ಕೆ ಕಾಲಿಟ್ಟವನನ್ನು ಉಣಿಸದೆ ಕಳಿಸುವುದು ಆ ಸೀಮೆಯಲ್ಲಿ ಇಲ್ಲ. ಮೊದಲ ಹೊಲದವರು ರೇವಣಪ್ಪನವರ ಅಳಿಯ ಬಂದನೆಂದು ಸಂಭ್ರಮಪಟ್ಟು ಕೈಹಿಡಿದು ಕೂರಿಸಿದರು. ಹೆಂಡತಿ ಹಡೆಯುತ್ತಿದ್ದಾಳೆ ಎಂದು ಅವನು ಹೇಳಿದ. ಹಾಗಾದರೆ ಸಿಹಿಯನ್ನೇ ತಿನ್ನಬೇಕೆಂದು ಒಂದು ಕಡುಬನ್ನು ಬಾಯಿಗೇ ತುರುಕಿದರು. ಎರಡನೆಯ ಹೊಲದಲ್ಲಿ ಬಾಯಿ ತುಂಬಿದ್ದರಿಂದ ಮಾತು ಹೊರಡಲಿಲ್ಲ. ಹಸಿದಿದ್ದಾನೆಂದು ತಿಳಿದು ಅವರು ರೊಟ್ಟಿ ಭಜ್ಜಿ ಕೊಟ್ಟರು. ಮೂರನೆಯ ಹೊಲದಲ್ಲಿ ಅಂಬಲಿ ಕುಡಿದ. ಐದನೆಯ ಹೊಲದ ಬನ್ನಿಮರದ ನೆರಳಲ್ಲಿ ಚಾಂದಬೀ ತುಂಬಿದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು.

ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂದು ಆಕೆ ಕೇಳಿದಳು. ಅಮೃತಪ್ಪನಿಗೆ ಗೊತ್ತಿರಲಿಲ್ಲ. ಮೊದಲನೆಯದೇ ಎಂದು ಕೇಳಿದಳು. ಹೌದೆಂದ.

"ಮೊದಲನೇದು ಅಂದ್ರ ಹೊತ್ತು ಹಿಡೀತದ. ಕುಂದರ್ರಿ, ಉಣ್ರಿ," ಎಂದಳು ಚಾಂದಬೀ.

ಅವನು ಕೂರಲಿಲ್ಲ, ಉಣ್ಣಲೂ ಇಲ್ಲ. ಆಕೆಯ ತುತ್ತುಗಳನ್ನು ನೋಡುತ್ತ ನಿಂತ. ಅಳಿಯಂದಿರು ಹೀಗೆ ನೋಡಿದರೆ ಅನ್ನ ಹೇಗೆ ಇಳಿದೀತು ಎಂದು ಗೊಣಗಿ, ಮುದುಕಿ ಕೈ ತೊಳೆದುಕೊಂಡು ಎದ್ದಳು. ಆಕೆ ಓಡುವವಳಲ್ಲ. ಅಮೃತಪ್ಪ ನೂರು ಹೆಜ್ಜೆ ಮುಂದೆ ಓಡಿ, ಮತ್ತೆ ನೂರು ಹೆಜ್ಜೆ ಹಿಂದೆ ಬಂದು, ಹೀಗೆ ಒಂದೇ ದಾರಿಯನ್ನು ಮೂರು ಸಲ ಮುಗಿಸಿದ.

ಮನೆಗೆ ಬಂದ ಮೇಲೆ ಒಳಗಿನ ಕೋಣೆಯ ಬಾಗಿಲು ಮುಚ್ಚಿತು. ಪಡಸಾಲೆಯಲ್ಲಿ ಅಮೃತಪ್ಪ ಪೂರ್ವದಿಂದ ಪಶ್ಚಿಮಕ್ಕೆ ನಡೆದರೆ ರೇವಣಪ್ಪನವರು ಪಶ್ಚಿಮದಿಂದ ಪೂರ್ವಕ್ಕೆ ನಡೆದರು. ನಡುವಿನ ಕಂಬದ ಹತ್ತಿರ ಎರಡು ಸಲ ಡಿಕ್ಕಿಯಾಯಿತು. ಅಮೃತಪ್ಪ ಬಾಗಿಲು ಬಡಿದು ಏನಾಯಿತು ಎಂದು ಕೇಳುವನು, ಏನೂ ಆಗಿಲ್ಲ ಎಂದು ಒಳಗಿನಿಂದ ಉತ್ತರ ಬರುವುದು. ಅವನು ಹಿಂದೆ ಸರಿದ ಕೂಡಲೇ ರೇವಣಪ್ಪನವರು ಹೋಗಿ ಬಡಿಯುವರು. ಆರೋ ಏಳೋ ಸಲ ಹೀಗಾದ ಮೇಲೆ ಚಾಂದಬೀ ಬಾಗಿಲು ತೆರೆದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇವರಿಬ್ಬರಿಗೂ ಏನಾರ ಕೆಲಸ ಹಚ್ಚರಿ ಅಮ್ಮಾ," ಎಂದು ಗುರುಲಿಂಗಮ್ಮನಿಗೆ ಹೇಳಿದಳು. "ಒಳಗ ಒಬ್ಬಾಕಿ ಹಡೀಲಿಕತ್ತಾಳ, ಹೊರಗ ಇಬ್ಬರು ಹಡೀಲಿಕತ್ತಾರ. ನಾ ಒಬ್ಬಾಕಿ ಎಷ್ಟು ಮಂದಿಗಿ ನೋಡಲಿ?"

ಏನು ಕೆಲಸ ಹಚ್ಚುವುದೆಂದು ಗುರುಲಿಂಗಮ್ಮನಿಗೆ ತಿಳಿಯಲಿಲ್ಲ. ಆಗ ಹಾಸಿಗೆಯ ಮೇಲಿನಿಂದ ಗುರುದೇವಿಯ ದನಿ ಬಂತು. ನೋವಿನ ನಡುವೆ ಸಿಕ್ಕ ಒಂದಿಷ್ಟು ಬಿಡುವಿನಲ್ಲಿ ಅವಳು, "ಅವ್ವಾ, ಅವರಿಗಿ ನಾನಖಟಾಯಿ ಮಾಡ್ಲಿಕ್ಕ ಬಿಡು. ನನಗ ವಾಸನಿ ಬರ್ಲಿ," ಎಂದಳು.

ಅಂಥ ಹೊತ್ತಿನಲ್ಲಿ ಮಗಳು ಕೇಳಿದ್ದನ್ನು ಇಲ್ಲವೆನ್ನಲು ಗುರುಲಿಂಗಮ್ಮನಿಗೆ ಆಗಲಿಲ್ಲ. ಮಂಚದ ಕೆಳಗಿನ ಟ್ರಂಕು ಹಿತ್ತಲಿಗೆ ಹೋಯಿತು.

ಅಮೃತಪ್ಪ ಮೂರು ಕಲ್ಲು ಹೂಡಿ ಬೆಂಕಿ ಮಾಡಿದ. ಅವು ಶಹಾಬಾದ ಕಲ್ಲಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡ. ಪರಾತಿನಲ್ಲಿ ತುಪ್ಪ, ಸಕ್ಕರೆ ಹಾಕಿ ತಿಕ್ಕತೊಡಗಿದ. ರೇವಣಪ್ಪನವರು ಸ್ವಲ್ಪ ಹೊತ್ತು ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡಿದರು. ಒಳಗಿನಿಂದ ಒಂದು ನರಳಿಕೆ ಕೇಳಿಸಿತು. ಅವರು ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಅಳಿಯನ ಎದುರು ಕುಕ್ಕರುಗಾಲಲ್ಲಿ ಕೂತು, ತಮಗೂ ಏನಾದರೂ ಕೊಡಿ ಎಂದರು. ಅಮೃತಪ್ಪ ಬೀಸಣಿಗೆ ಕೊಟ್ಟ. ಮತ್ತೊಂದು ನರಳಿಕೆ ಬಂತು. ಬೀಸಣಿಗೆ ಸಾಲದೆಂದು ಅವರೂ ಹಿಟ್ಟಿಗೆ ಕೈಹಾಕಿದರು.

"ಗುರುದೇವಿ ಹುಟ್ಟೋ ಮುಂದ ನಾ ಊರಾಗ ಇರಲಿಲ್ಲರಿ," ಎಂದರು ಸ್ವಲ್ಪ ಹೊತ್ತಿನ ಮೇಲೆ, ಉಂಡೆಯ ಕಡೆಗೇ ನೋಡುತ್ತ. "ಜ್ವಾಳ ಖರೀದಿಗಿ ಗುಂಡಗುರ್ತಿಗಿ ಹೋಗಿದ್ದೆ ಅಂತ ಎಲ್ಲರಿಗೂ ಹೇಳ್ತೀನಿ. ಖರೆ ಹೇಳಬೇಕಂದ್ರ ಓಡಿ ಹೋಗಿದ್ದೆ. ಮೂರು ದಿನ ಬಿಟ್ಟು ಬಂದೆ. ಈ ಸಲನೂ ಓಡ್ತಿದ್ದೆ, ಮೊಣಕಾಲು ಬಿಡವೊಲ್ಲವು."

"ನನಗೂ ಅಂಜಿಕಿ ಆಗ್ಯಾದ ಮಾವಾರ," ಎಂದ ಅಮೃತಪ್ಪ.

"ಗೊತ್ತದ ಬಿಡ್ರಿ. ಅದಕ್ಕೇ ನಾನೂ ಇಲ್ಲೇ ಕುಂತೀನಿ."

ಆಮೇಲೆ ಇಬ್ಬರೂ ಕೆಲಸ ಹಂಚಿಕೊಂಡರು. ಅಮೃತಪ್ಪ ತಿಕ್ಕುವುದು, ರೇವಣಪ್ಪನವರು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತುವುದು. ಒಳಗೆ ಸದ್ದಿಲ್ಲದಾಗ ಅವರ ಉಂಡೆ ಚಂದ ಗುಂಡಗೆ ಬರುತ್ತಿತ್ತು. ಗುರುದೇವಿ ನರಳಿದ ಕೂಡಲೇ ಹೆಬ್ಬೆರಳು ತಟ್ಟೆಯ ತಳ ಮುಟ್ಟುವವರೆಗೆ ಇಳಿದುಬಿಡುತ್ತಿತ್ತು. ತಟ್ಟೆ ತಟ್ಟೆ ಬೆಂದು ಬಂದಂತೆ, ಎಷ್ಟು ಹೊತ್ತಿಗೊಮ್ಮೆ ನೋವು ಬರುತ್ತಿದೆಯೆಂಬುದನ್ನು ಅದರಲ್ಲೇ ಓದಬಹುದಾಗಿತ್ತು. ಮೊದಲ ತಟ್ಟೆಯಲ್ಲಿ ಎಂಟು ಗುಂಡಗಿದ್ದು ಒಂದು ಚಪ್ಪಟೆ. ಮೂರನೆಯದರಲ್ಲಿ ನಾಲ್ಕಕ್ಕೆ ಒಂದು. ಬಿಸಿನೀರಿಗೆ ಬಂದ ಚಾಂದಬೀ ಅದನ್ನು ಬಗ್ಗಿ ನೋಡಿ, ಒಳ್ಳೆಯ ಗಡಿಯಾರ ಮಾಡಿದ್ದೀರಿ ಎಂದು ಹೇಳಿ, ಗುಂಡಗಿನದೊಂದನ್ನು ಎತ್ತಿಕೊಂಡು ಹೋದಳು.

ಮೈದಾ ಮುಗಿಯಿತು. ನಿಲ್ಲಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ರೇವಣಪ್ಪನವರು ಮೊಣಕಾಲು ಹಿಡಿದುಕೊಂಡೇ ಮನೆಯೊಳಗೆ ಹೋಗಿ ಡಬ್ಬಿಗಳನ್ನೆಲ್ಲ ತಡಕಾಡಿ ಕಡಲೆಹಿಟ್ಟು ತಂದರು. ಅದೂ ಮುಗಿದಾಗ ಗೋಧಿಹಿಟ್ಟು ತಂದರು, ಆಮೇಲೆ ಜೋಳದ ಹಿಟ್ಟನ್ನೇ ತಂದರು. ಜೋಳದ ನಾನಖಟಾಯಿ ಯಾರೂ ಮಾಡಿರಲಿಲ್ಲ, ಯಾಕೆ ಮಾಡಿರಲಿಲ್ಲ ಎಂಬುದು ಬೆಂದ ಮೇಲೆ ತಿಳಿಯಿತು. ಮೊರದಲ್ಲಿ, ಪರಾತಿನಲ್ಲಿ, ಬುಟ್ಟಿಯಲ್ಲಿ, ಕಡೆಗೆ ಹಾಸಿದ ಧೋತರದ ಮೇಲೂ ನಾನಖಟಾಯಿಯ ರಾಶಿ ಬಿತ್ತು. ಕೊನೆಯ ತಟ್ಟೆಗೆ ಬರುವ ಹೊತ್ತಿಗೆ ರೇವಣಪ್ಪನವರ ಉಂಡೆಗಳೆಲ್ಲ ಚಪ್ಪಟೆಯಾಗಿದ್ದವು, ಗುಂಡಗಿನದು ಒಂದೂ ಇರಲಿಲ್ಲ. ಬಿಸಿಲು ಇಳಿಮುಖವಾಗಿತ್ತು. ಇಬ್ಬರೂ ಎರಡು ಕಡೆಯಿಂದ ಇಕ್ಕಳ ಹಾಕಿ ಕೆಂಡ ತುಂಬಿದ ಮುಚ್ಚಳ ಎತ್ತಿ ಹಿಡಿದಿದ್ದಾಗ, ಒಳಗಿನಿಂದ ಸಣ್ಣ, ಸಿಟ್ಟಿನ ಅಳು ಕೇಳಿಸಿತು.

ಮುಚ್ಚಳವನ್ನು ಕೆಳಗಿಡಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹಾಗೇ ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಪಾತೇಲಿಯೊಳಗೆ ಕೊನೆಯ ತಟ್ಟೆ ಕರ್ರಗಾಯಿತು. ಚಾಂದಬೀ ಹಿತ್ತಲ ಬಾಗಿಲಿಗೆ ಬಂದು, ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಆರಾಮ, ಅದನ್ನು ಕೆಳಗಿಡಿ ಎಂದಳು. ಅಮೃತಪ್ಪ ಇಟ್ಟ. ರೇವಣಪ್ಪನವರು ಇದ್ದಲ್ಲೇ ಕುಸಿದು ಕೂತರು. ಇದ್ದಲ್ಲಿ ಕಡಲೆಹಿಟ್ಟಿನ ನಾನಖಟಾಯಿಯ ಬುಟ್ಟಿ ಇತ್ತು. ಅದರಲ್ಲಿ ಕೂತುಕೊಂಡೇ ಅವರು ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡರು. ಹೊಗೆ ಬಹಳ ಎಂದರು.

ಕೈ ತೊಳೆಯದೆ ಒಳಗೆ ಬರಬಾರದೆಂದು ಗುರುಲಿಂಗಮ್ಮ ಅಳಿಯನನ್ನು ಬಾಗಿಲಲ್ಲೇ ತಡೆದಳು. ಅವನು ಕೈ, ಮುಖ, ಮೀಸೆ ಎಲ್ಲ ತೊಳೆದುಕೊಂಡು ಬಂದ. ಗುರುದೇವಿ ಬೆವರಿನಲ್ಲಿ ತೊಯ್ದು, ಬಿಳಚಿಕೊಂಡು ಮಲಗಿದ್ದಳು. ಅವನು ಅವಳ ಹಾಸಿಗೆಯ ಹತ್ತಿರ ಕೂತ.  ಅಂಗಿಯ ಜೇಬಿನಿಂದ ಒಂದು ನಾನಖಟಾಯಿ ತೆಗೆದು ಅವಳ ಕೈಯಲ್ಲಿಟ್ಟ. ಬಾಣಂತಿಗೆ ಇಂಥದ್ದು ಆಗದು ಎಂದು ಗುರುಲಿಂಗಮ್ಮ ಮುಂದೆ ಬಂದಳು. ಚೂರು ತಿಂದರೆ ಏನೂ ಆಗುವುದಿಲ್ಲ, ವಾಸನೆ ಕುಡಿದೇ ಹಡೆದಿದ್ದಾಳೆ ಎಂದಳು ಚಾಂದಬೀ. ಗುರುದೇವಿ ಅಂಚು ಕಚ್ಚಿದಳು. ಅದು ಸದ್ದಿಲ್ಲದೆ ಮುರಿದು ಗಲ್ಲದ ಮೇಲೆ ಪುಡಿ ಉದುರಿತು. ಕಣ್ಣು ಮುಚ್ಚಿಕೊಂಡೇ ಅಗಿದಳು.

"ಸಕ್ರಿ ಜರಾ ಜಾಸ್ತಿ ಆಗ್ಯಾದರಿ," ಎಂದಳು. ಆದರೂ ಪೂರ್ತಿ ತಿಂದಳು.

ಅಷ್ಟರಲ್ಲಿ ಹೊಲಕ್ಕೆ ಹೋದ ಬಂಡಿಗಳು ಒಂದೊಂದಾಗಿ ಮರಳಿ ಬರತೊಡಗಿದವು. ವಾಸನೆ ಓಣಿಯ ತುದಿಯವರೆಗೆ ಹೋಗಿತ್ತು. ರೇವಣಪ್ಪನವರ ಬಾಗಿಲ ಮುಂದೆ ಎತ್ತುಗಳು ತಾವಾಗಿ ನಿಂತವೆಂದು ಜನ ಆಮೇಲೆ ಹೇಳಿಕೊಂಡರು. ರೇವಣಪ್ಪನವರು ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಬಂದವರಿಗೆಲ್ಲ ಮೊಮ್ಮಗಳ ಸುದ್ದಿ ಹೇಳಿ ಕೈತುಂಬ ನಾನಖಟಾಯಿ ಹಂಚಿದರು. ತಾವು ಕೂತು ಪುಡಿ ಮಾಡಿದ್ದನ್ನು ಮೊದಲು ಖರ್ಚು ಮಾಡಿದರು. ಜೋಳದ್ದನ್ನು ಆಗದವರಿಗೆ ಕೊಟ್ಟರು. ಯಾರು ಮಾಡಿದ್ದು ಎಂದು ಜನ ಕೇಳಿದರು.

ಅಮೃತಪ್ಪ ಒಳಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದ. ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಚಾಂದಬೀ ಅವನ ತೊಡೆಯ ಮೇಲಿಟ್ಟು, ತಾನು ಹೇಳುವವರೆಗೆ ಅಲುಗಾಡಬೇಡಿ ಎಂದು ತಾಕೀತು ಮಾಡಿ ಹೋಗಿ ಬಹಳ ಹೊತ್ತಾಗಿತ್ತು. ಗುರುದೇವಿ ನಿದ್ದೆ ಹೋಗಿದ್ದಳು. ಹೊರಗೆ ಕಟ್ಟೆಯ ಮೇಲೆ ಮಾವನವರ ದೊಡ್ಡ ದನಿ ಕೇಳಿಸುತ್ತಿತ್ತು. ನಾನಖಟಾಯಿ ಮಾಡುವುದು ಹೇಗೆಂದು ಅವರು ಓಣಿಯವರಿಗೆಲ್ಲ, ನಲವತ್ತು ವರ್ಷದಿಂದ ಮಾಡಿಕೊಂಡು ಬಂದವರ ಹಾಗೆ, ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು. ತುಪ್ಪದ ಅಳತೆ ತಪ್ಪು ಹೇಳಿದರು. ಸೋಡಾ ಚಿಟಿಕೆಯ ಬದಲು ಹಿಡಿ ಎಂದರು. ಎದ್ದು ಹೋಗಿ ತಿದ್ದಬೇಕೆಂದು ಅಮೃತಪ್ಪನಿಗೆ ಬಹಳ ಅನಿಸಿತು. ಆದರೆ ಎರಡೂ ಕಾಲು ಜೋಮು ಹಿಡಿದಿದ್ದವು, ಕೂಸು ಬಾಯಿ ತೆರೆದುಕೊಂಡು ಮಲಗಿತ್ತು. ಅವನು ಅಲುಗದೆ ಕೂತ.